ನೀರಿನೊಳಗಿನ ಬೆಟ್ಟ: ವಾಟ್ಕಿನ್ಸ್ ಫೋಟೊಗಳನ್ನು ಓದುವಾಗ ನಾನು ಎಡವಿದ್ದು

1861ರಲ್ಲಿ ಅಮೆರಿಕದ ಫೋಟೊಗ್ರಾಫರ್ ಕಾರ್ಲ್‌ಟನ್ ವಾಟ್ಕಿನ್ಸ್ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಗೆ ಹೋದ. ಜೊತೆಗೆ 18×22 ಇಂಚಿನ ಗಾಜಿನ ಪ್ಲೇಟ್ ಹಿಡಿಸುವ ಕ್ಯಾಮೆರಾ. ಪ್ಲೇಟಿಗೆ ಕೊಲೋಡಿಯನ್ ಎಂಬ ಅಂಟು ದ್ರವ ಸುರಿದು, ಅದು ಒಣಗುವುದರೊಳಗೆ ಫೋಟೊ ತೆಗೆದು ತೊಳೆದೂ ಆಗಬೇಕು.

ಅವನ ಕೆಲವು ಫೋಟೊಗಳಲ್ಲಿ ಮೇಲೆ ಬೆಟ್ಟ, ಕೆಳಗೆ ನಿಂತ ನೀರಿನಲ್ಲಿ ಅದರ ಬಿಂಬ. ಅದರ ಬಗ್ಗೆ ನಾನು ನೋಟ್ಸಲ್ಲಿ 'ಮೇಲಿನದೇ ಕೆಳಗೆ ತಲೆಕೆಳಗಾಗಿದೆ, ಆದ್ದರಿಂದ ಸಮತೋಲನದ ಸಂಕೇತ' ಅಂತ ಬರೆದಿದ್ದೆ. ತಪ್ಪು. ಬಿಂಬ ಮೇಲಿನದರ ನಕಲು ಅಲ್ಲವೇ ಅಲ್ಲ.

ಇದು ತಲೆಗೆ ಹೋಗಲು ಹರಿವಾಣಕ್ಕೆ ನೀರು ಹಾಕಬೇಕಾಯಿತು. ಆಚೆ ಅಂಚಿಗೆ ಒಂದು ಚೊಂಬು, ಅದರ ಹಿಂದೆ ಎತ್ತರದ ಎಣ್ಣೆ ಬಾಟಲಿ. ನೇರ ನೋಡಿದರೆ ಚೊಂಬಿನ ಮೇಲೆ ಬಾಟಲಿ ಅರ್ಧಕ್ಕಿಂತ ಜಾಸ್ತಿ ಕಾಣುತ್ತದೆ. ನೀರಲ್ಲಿ ನೋಡಿದರೆ ಕತ್ತು ಮಾತ್ರ! ಯಾಕೆ? ನಮ್ಮ ಕಣ್ಣು ನೀರಿಗಿಂತ ಎಷ್ಟು ಮೇಲಿದೆಯೋ, ನೀರಿನಡಿ ಅಷ್ಟೇ ಆಳದಿಂದ ಕತ್ತೆತ್ತಿ ನೋಡಿದರೆ ಏನು ಕಾಣುತ್ತಿತ್ತೋ ಅದೇ ಬಿಂಬ. ಕೆಳಗಿಂದ ನೋಡಿದಾಗ ಹತ್ತಿರದ ವಸ್ತು ಹಿಂದಿನದನ್ನು ಹೆಚ್ಚು ಮರೆಮಾಡುತ್ತದೆ. ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿದಷ್ಟೂ ಎರಡೂ ಒಂದೇ ಥರ ಆಗುತ್ತವೆ. ಮಾಡಿ ನೋಡಿ, ಎರಡು ನಿಮಿಷದ ಕೆಲಸ.

ಅಂದರೆ ಒಂದೇ ಪ್ಲೇಟಿನಲ್ಲಿ ಎರಡು ನೋಟ ಇವೆ. ದಡದ ಮರಗಳು ನೀರಲ್ಲಿ ಬೆಟ್ಟದ ಮೇಲೆ ಇನ್ನಷ್ಟು ಏರುತ್ತವೆ, ಕೊಂಬೆಗಳ ಅಡಿಭಾಗ ಕಾಣುತ್ತದೆ. ಛಾಯೆಯೂ ಬೇರೆ: ನೀರು ಬೆಳಕನ್ನೆಲ್ಲ ವಾಪಸ್ ಕೊಡುವುದಿಲ್ಲ, ಬಿಂಬ ಸ್ವಲ್ಪ ಕಪ್ಪು.

ಸಂಕೇತದ ಮಾತು. 1859ರಲ್ಲೇ ಅಮೆರಿಕದ ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಫೋಟೊವನ್ನು 'ನೆನಪಿರುವ ಕನ್ನಡಿ' ಅಂದಿದ್ದರು. ಹಾಗಾಗಿ ಫೋಟೊದೊಳಗೆ ಕೆರೆ ಬಂದರೆ ಪ್ರಕೃತಿ ತನ್ನ ಚಿತ್ರ ತಾನೇ ತೆಗೆದುಕೊಂಡ ಹಾಗೆ ಅಂತ ಓದುತ್ತಾರೆ. ಇನ್ನೊಂದು, ಕದಡದ ನೀರು ಅಂದರೆ ಯಾರೂ ಮುಟ್ಟದ ನೆಲ. ಇದನ್ನು ನಾನು ಸುಮ್ನೆ ಒಪ್ಪುವುದಿಲ್ಲ. 1851ರಲ್ಲೇ ಮಾರಿಪೋಸಾ ಬೆಟಾಲಿಯನ್ ಎಂಬ ಸಶಸ್ತ್ರ ಪಡೆ ಕಣಿವೆಗೆ ನುಗ್ಗಿ ಅಲ್ಲಿನ ಮೂಲನಿವಾಸಿ ಅವಾನೀಚಿ ಜನರನ್ನು ಓಡಿಸಿತ್ತು. 1864ರಲ್ಲಿ ಲಿಂಕನ್ ಕಣಿವೆಯನ್ನು ಕಾಪಾಡುವ ಕಾಯಿದೆಗೆ ಸಹಿ ಹಾಕಿದರು. ಆ ಖಾಲಿತನ ಹುಟ್ಟಿನಿಂದ ಬಂದದ್ದಲ್ಲ, ಅಲ್ವಾ?

ಕೊನೆಗೆ ನನಗೆ ತುಂಬ ಇಷ್ಟವಾದದ್ದು. ಆ ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ ದೃಶ್ಯ ತಲೆಕೆಳಗಾಗಿ ಬೀಳುತ್ತದೆ. ಕಪ್ಪು ಬಟ್ಟೆ ಹೊದ್ದು ನೋಡುವಾಗ ವಾಟ್ಕಿನ್ಸ್‌ಗೆ ನೆಟ್ಟಗೆ ನಿಂತಂತೆ ಕಂಡದ್ದು ನೀರಿನೊಳಗಿನ ಬೆಟ್ಟ.