ಗ್ಯಾಸಿಗೂ ಒಂದು ಪಾಕದ ಹದ

ಊರಿಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಆಂಧ್ರದಲ್ಲಿ ಅಷ್ಟೊಂದು ಗ್ಯಾಸ್ ಸಿಗುತ್ತೆ, ನಮ್ಮ ಕಡೆ ಯಾಕಪ್ಪಾ ಸಿಗಲ್ಲ?" ನಮ್ಮ ಕಡೆ ಬಹುಪಾಲು ಗಟ್ಟಿ ಬಂಡೆ, 250 ಕೋಟಿ ವರ್ಷಕ್ಕೂ ಹಳೆಯದು. ಗ್ಯಾಸಿಗೆ ಬೇಕಾದದ್ದು ಕೆಸರು. ಭಾರತ ಅಂಟಾರ್ಕ್ಟಿಕಾದಿಂದ ಬೇರೆಯಾಗುವಾಗ ಕೃಷ್ಣಾ-ಗೋದಾವರಿ ಕಡೆ ನೆಲ ಕುಸಿದು ತಗ್ಗಾಯಿತು, ಆಮೇಲೆ ಕೋಟ್ಯಂತರ ವರ್ಷ ನದಿಗಳು ಅಲ್ಲಿಗೆ ಮಣ್ಣು ತಂದು ಸುರಿದು ಸುರಿದು ಕಿಲೋಮೀಟರುಗಟ್ಟಲೆ ಪದರ ಪೇರಿಕೊಂಡಿತು. ನಮ್ಮ ತುಂಗಭದ್ರೆಯ ಮಣ್ಣೂ ಅಲ್ಲಿಗೇ ಹೋಗುತ್ತಿತ್ತು, ಅಣೆಕಟ್ಟು ಬರುವ ತನಕ.

ಕೆಸರಿನ ಜೊತೆ ಪಾಚಿ, ಎಲೆ, ಮರದ ಚೂರು ಹೂತುಹೋಗುತ್ತವೆ. ಆಳಕ್ಕೆ ಇಳಿದಂತೆ ಬಿಸಿ ಏರುತ್ತದೆ, ಕಿಲೋಮೀಟರಿಗೆ ಸುಮಾರು 25–30 ಡಿಗ್ರಿ. ಇಲ್ಲಿಂದ ಎಲ್ಲಾ ಪಾಕದ ಲೆಕ್ಕ. ಹೆಚ್ಚುಕಮ್ಮಿ 60ರಿಂದ 120 ಡಿಗ್ರಿವರೆಗೆ ಕಚ್ಚಾ ಎಣ್ಣೆ. 150ರ ಆಸುಪಾಸಿನವರೆಗೆ ಕಂಡೆನ್ಸೇಟ್, ಅಂದರೆ ಮೇಲೆ ಬಂದಾಗ ದ್ರವವಾಗುವ ಭಾಗ, ಬೆರೆತ ಗ್ಯಾಸ್. ಇನ್ನೂ ಕಾದರೆ ಬರೀ ಮೀಥೇನ್. ಒಂದೆಳೆ, ಎರಡೆಳೆ ಅಂತ ಪಾಕ ನೋಡ್ತೀವಲ್ಲ, ಹಾಗೇ. ಹದ ಮೀರಿದರೆ ಹಿಂದಕ್ಕೆ ತರೋಕಾಗಲ್ಲ. ಪಾತ್ರೆಗೆ ಏನು ಬಿದ್ದಿದೆ ಅನ್ನೋದೂ ಮುಖ್ಯ. ಪಾಚಿಯಿಂದ ಎಣ್ಣೆ ಜಾಸ್ತಿ, ಮರದ ಚೂರಿನಿಂದ ಗ್ಯಾಸೇ ಜಾಸ್ತಿ. ಆಂಧ್ರದ ಮಂಡಪೇಟ ಕಡೆಯ ಗ್ಯಾಸ್ ಬಂದದ್ದು ಕಲ್ಲಿದ್ದಲು ಬೆರೆತ ಹಳೆಯ ಪದರದಿಂದ. ತಮಾಷೆ ಏನಂದರೆ, 2009ರಲ್ಲಿ ಅಲ್ಲೇ ಸಮುದ್ರದೊಳಗಿನ ಡಿ6 ಎಂಬ ಗ್ಯಾಸ್ ಕ್ಷೇತ್ರದಿಂದ ಬರತೊಡಗಿದ ಗ್ಯಾಸಿಗೆ ಈ ಅಡುಗೆಯೇ ಬೇಕಾಗಿರಲಿಲ್ಲ, ಅದು ಬ್ಯಾಕ್ಟೀರಿಯಾ ಮಾಡಿದ್ದು!

ನೆಲದಡಿ ಗ್ಯಾಸ್ ಕೆರೆ ಥರ ನಿಂತಿರುತ್ತೆ ಅಂದುಕೊಳ್ಳಬೇಡಿ. ಒಮ್ಮೆ ಬಾವಿ ಕೊರೆಯುವ ರಿಗ್‌ನಲ್ಲಿ ಹೊಸ ಹುಡುಗನಿಗೆ ಎರಡು ಕಲ್ಲಿನ ಮೇಲೆ ಒಂದೊಂದು ಹನಿ ನೀರು ಬಿಟ್ಟು ತೋರಿಸಿದ್ದೆ. ಮರಳುಗಲ್ಲು ನೋಡನೋಡುತ್ತಲೇ ಹನಿಯನ್ನು ಹೀರಿಕೊಂಡಿತು. ಶೇಲ್, ಅಂದರೆ ಕೆಸರು ಗಟ್ಟಿಯಾದ ಕಲ್ಲು, ಅದರ ಮೇಲೆ ಹನಿ ಹಾಗೇ ಕೂತಿತ್ತು. ಮರಳುಗಲ್ಲಿನ ಆ ಸಣ್ಣ ಸಂದುಗಳಲ್ಲೇ ಗ್ಯಾಸ್ ಇರೋದು, ಮೇಲಿನ ಶೇಲ್ ಅದಕ್ಕೆ ಮುಚ್ಚಳ. ಆದರೆ ಗ್ಯಾಸ್ ಮೇಲೇರುವ ಮೊದಲೇ ಈ ಮುಚ್ಚಳ, ಗ್ಯಾಸ್ ಸಿಕ್ಕಿಕೊಳ್ಳಲು ಗುಮ್ಮಟದ ಹಾಗೆ ಉಬ್ಬಿದ ಪದರ ಎಲ್ಲಾ ಸಿದ್ಧವಾಗಿರಬೇಕು. ತಡವಾದರೆ ಬಸ್ ಹೋದ ಮೇಲೆ ನಿಲ್ದಾಣ ಕಟ್ಟಿದ ಹಾಗೆ. ನೆಲದಡಿಯ ಚಿತ್ರದಲ್ಲಿ ಅಷ್ಟು ಚೆನ್ನಾಗಿ ಕಾಣುವ ಗುಮ್ಮಟ ಕೊರೆದು ನೋಡಿದಾಗ ಬರೀ ಉಪ್ಪುನೀರು ಬಂದದ್ದನ್ನು ನಾನೇ ಕಂಡಿದ್ದೇನೆ.

ಕಂಡೆನ್ಸೇಟ್ ಇನ್ನೂ ವಿಚಿತ್ರ. ಮೇಲೆ ಬಂದಾಗ ತಿಳಿ ಹಳದಿ ದ್ರವ, ಪೆಟ್ರೋಲ್ ವಾಸನೆ, ಬಟ್ಟೆಗೆ ತಾಗಿದರೆ ಬೇಗ ಆರುತ್ತದೆ. ಕೆಳಗೆ ಮಾತ್ರ ಅದು ಗ್ಯಾಸ್. ಅಡುಗೆ ಸಿಲಿಂಡರಿನಲ್ಲಿ ಒತ್ತಡ ಹಾಕಿದರೆ ಗ್ಯಾಸ್ ದ್ರವ ಆಗುತ್ತೆ ಅಲ್ವಾ? ಇಲ್ಲಿ ಉಲ್ಟಾ. ಬಾವಿಯಿಂದ ಗ್ಯಾಸ್ ತೆಗೆದಂತೆ ಒತ್ತಡ ಇಳಿದು, ಒಂದು ಹಂತ ದಾಟಿದ ಕೂಡಲೇ ಕಲ್ಲಿನ ಸಂದಿನಲ್ಲೇ ಹನಿಗಟ್ಟುತ್ತದೆ, ಅದೂ ಆಳದಲ್ಲಿ ಬಾವಿಯ ಕೊಳವೆಗೆ ಹತ್ತಿರವೇ. ಹನಿ ಸಿಕ್ಕಿಕೊಂಡರೆ ಹಿಂದಿನ ಗ್ಯಾಸಿಗೂ ದಾರಿ ಕಿರಿದಾಗುತ್ತದೆ. ಅದಕ್ಕೇ ಕೆಲವು ಕಡೆ ಕಂಡೆನ್ಸೇಟ್ ಬೇರ್ಪಡಿಸಿಕೊಂಡು ಉಳಿದ ಒಣ ಗ್ಯಾಸನ್ನು ವಾಪಸ್ ನೆಲದೊಳಕ್ಕೇ ತಳ್ಳುತ್ತಾರೆ, ಒತ್ತಡ ಬೀಳದಿರಲಿ ಅಂತ. ಇದನ್ನು ಹೇಳಿದರೆ ಊರಲ್ಲಿ ನಗ್ತಾರೆ: "ತೆಗೆದಿದ್ದನ್ನ ಮತ್ತೆ ಒಳಗೇ ಹಾಕೋಕೆ ಸಂಬಳ ಕೊಡ್ತಾರಾ ನಿಂಗೆ?"