ಆಮ್ಲಜನಕ ಅನ್ನೋ ತಪ್ಪು ಹೆಸರು, ಅತ್ತಿ ಮನಿಯ ಕೆಂಪು ನೀರು

ನಮ್ಮ ಸೋದರತ್ತಿ ಮನಿ ಜಮಖಂಡಿ ಹತ್ರ ಒಂದು ಹಳ್ಳ್ಯಾಗ ಐತಿ. ದೀಪಾವಳಿ ಆದಮ್ಯಾಲೆ ಹೋಗಿದ್ದೆ, ಚಾ ಕುಡಿಯೂಕಿಂತ ಮೊದಲ ಅತ್ತಿ ನನ್ನ ಕೊಟ್ಟಿಗಿಗೆ ಕರ್ಕೊಂಡು ಹೋದ್ಲು. ಎಮ್ಮಿ ಹಾಲು ಕಡಿಮಿ ಮಾಡೇತಂತ. ಯಾರೋ ಮಾಡಿಸ್ಯಾರ ಅಂತ ಹೇಳಿ ಒಬ್ಬಾವ ಬಂದು, ಅರಿಷಿಣ ಬಳದ ಹಿಟ್ಟಿನ ಗೊಂಬಿ ಇಟ್ಟು, ತನ್ನ ಬಾಟ್ಲಿಯಿಂದ ಮಂತ್ರದ ನೀರು ಅಂತ ಹನಿ ಹನಿ ಬಿಟ್ಟನಂತ, ನೋಡ್ತಿದ್ದಂಗ ಗೊಂಬಿ ಕೆಂಪಾತಂತ. "ರಕ್ತ ಕಾರ್ತು ತಮ್ಮಾ, ಕಣ್ಣಾರೆ ನೋಡೀನಿ" ಅಂದ್ಲು. ಎರಡು ಸಾವಿರ ರೂಪಾಯಿ ಹೋತು. ಎಮ್ಮಿ ಗಬ್ಬ ಆಗಿ ಏಳನೇ ತಿಂಗಳು, ಹಾಲು ಬತ್ತೂ ದಿನಾನ ಅವು, ಅದನ್ನ ಯಾರೂ ಲೆಕ್ಕಕ್ಕ ಹಿಡಿದಿಲ್ಲ.

ನನಗ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಸಂಕಟ ಆತು, ಯಾಕಂದ್ರ ಆ ಬಾಟ್ಲ್ಯಾಗ ಇದ್ದದ್ದು ಸುಣ್ಣದ ತಿಳಿನೀರು, ಮತ್ತ ಅದೇ ಸುಣ್ಣ, ಅದೇ ಅರಿಷಿಣ ಕಲಿಸಿ ಮದವಿ ಮನ್ಯಾಗ ಕೆಂಪು ಆರತಿ ನೀರು ಮಾಡೂದು ಊರಾಗ ನಮ್ಮ ಅತ್ತೀನ. ತನ್ನ ಕೈಯಾಗ ಆದಾಗ ಅದು ಆರತಿ, ಬ್ಯಾರೆಯಾವನ ಬಾಟ್ಲಿಯಿಂದ ಬಂದ್ರ ರಕ್ತ! ಬಿಳಿ ಅಂಗಿ ಮ್ಯಾಲೆ ಸಾರು ಚೆಲ್ಲಿದ್ದಕ್ಕ ಸಾಬೂನು ತಿಕ್ಕಿದ್ರ ಹಳದಿ ಕಲೆ ಕೆಂಪಗ ಆಗೂದನ್ನ ನಾವೆಲ್ಲಾ ನೋಡೀವಿ, ನೀರಾಗ ಜಾಲಿಸಿದ್ರ ಮತ್ತ ಹಳದಿ. ಸಾಬೂನೂ ಕ್ಷಾರ, ಸುಣ್ಣಾನೂ ಕ್ಷಾರ.

ಲಿಂಬಿ ರಸ ಆಮ್ಲ, ಸುಣ್ಣ ಕ್ಷಾರ, ಇದು ಸಾಲಿ ಹುಡುಗ್ರಿಗೆಲ್ಲಾ ಗೊತ್ತಿರೋ ಮಾತು, ಅದನ್ನ ಬಿಡ್ರಿ. ಆಮ್ಲ ಯಾಕ ಆಮ್ಲ ಆಗ್ತೈತಿ, ಅದನ್ನ ಕೇಳ್ರಿ. ಇಲ್ಲೇ ನಮ್ಮ ಭಾಷಿಯೊಳಗ ಒಂದು ಹಳೇ ತಪ್ಪು ಕುಂತೈತಿ. ನಾವು ಉಸಿರಾಡೋ ಗಾಳಿಗೆ ಆಮ್ಲಜನಕ ಅಂತೀವಿ, ಅಂದ್ರ ಆಮ್ಲ ಹುಟ್ಟಿಸೂದು. ಫ್ರಾನ್ಸಿನ ಲವಾಸಿಯೇ ಗಂಧಕ, ರಂಜಕ ಸುಟ್ಟು ನೋಡಿ, ಸುಟ್ಟದ್ದು ನೀರಾಗ ಕರಗಿದ್ರ ಹುಳಿ ಆಗ್ತೈತಿ, ಹಂಗಾದ್ರ ಎಲ್ಲಾ ಆಮ್ಲದೊಳಗೂ ಈ ಗಾಳಿ ಇರಾಕಬೇಕು ಅಂತ ತಿಳಿದು ಆಕ್ಸಿಜನ್ ಅಂತ ಹೆಸರಿಟ್ಟ, ನಮ್ಮವರು ಅದನ್ನ ಹಂಗ ಕನ್ನಡಕ್ಕ ತಂದ್ರು. ಪಾಪ, 1794ರಾಗ ಕ್ರಾಂತಿ ಮಾಡಿದವರು ಅವನ ತಲಿ ಕಡಿದ್ರು, ತನ್ನ ತಪ್ಪು ತಿದ್ದಿಕೊಳ್ಳಾಕ ಅವನಿಗೆ ವ್ಯಾಳೆ ಸಿಗಲಿಲ್ಲ. 1810ರಾಗ ಇಂಗ್ಲೆಂಡಿನ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಸಿಡ್‌ನ್ಯಾಗ ಆಕ್ಸಿಜನ್ ಒಂದು ಚೂರೂ ಇಲ್ಲ ಅಂತ ತೋರಿಸಿದ. ಅದರಾಗ ಇದ್ದದ್ದು ಜಲಜನಕ ಮತ್ತ ಕ್ಲೋರಿನ್, ಅಷ್ಟ. ನಮ್ಮ ನಿಮ್ಮ ಅಡಗಿ ಮನಿ ಹುಳಿ ಹುಟ್ಟಿಸೂದು ಆಮ್ಲಜನಕ ಅಲ್ರಿ, ಜಲಜನಕ. ಹೆಸರು ಮಾತ್ರ ಹಂಗ ಉಳೀತು, ಇವತ್ತಿಗೂ ಸಾಲ್ಯಾಗ ಅದನ್ನ ಬರಸ್ತಾರ.

ಜಲಜನಕದ ಪರಮಾಣು ಎಲ್ಲಾಕಿಂತ ಸಾದಾ. ನಡುವ ಒಂದು ಪ್ರೋಟಾನು, ಸುತ್ತ ಒಂದು ಎಲೆಕ್ಟ್ರಾನು. ವಿಜಯಪುರದ ಗೋಳಗುಮ್ಮಟ ನೋಡೀರಲ್ಲ, ಅದರ ಗುಮ್ಮಟ ಅಡ್ಡಗಲ ಸುಮಾರು 44 ಮೀಟರ್. ಜಲಜನಕದ ಪರಮಾಣುವನ್ನ ಅಷ್ಟು ದೊಡ್ಡದು ಮಾಡಿದ್ರ ನಡುವಿನ ಪ್ರೋಟಾನು ಒಂದು ಗಸಗಸಿ ಕಾಳಿನಷ್ಟು ಬರ್ತೈತಿ, ಉಳಿದ ಜಾಗಾ ಎಲ್ಲಾ ಆ ಒಂದ ಎಲೆಕ್ಟ್ರಾನಿಂದು. ಆ ಎಲೆಕ್ಟ್ರಾನನ್ನ ಬ್ಯಾರೆ ಪರಮಾಣು ಕಸಗೊಂಡ್ರ ಇಡೀ ಗುಮ್ಮಟ ಮಾಯ, ಬರೇ ಗಸಗಸಿ ಕಾಳು ಉಳೀತು. ಇಂಥಾ ಬತ್ತಲೆ ಪ್ರೋಟಾನನ್ನ ಕೊಡೂದು ಆಮ್ಲ, ಇಸಗೊಳ್ಳೂದು ಕ್ಷಾರ. 1923ರಾಗ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್, ಇಂಗ್ಲೆಂಡಿನ ಲೌರಿ ಇಬ್ಬರೂ ಬ್ಯಾರೆ ಬ್ಯಾರೆ ಕುಂತು ಇದೇ ಮಾತು ಹೇಳಿದ್ರು.

ಆ ಪ್ರೋಟಾನು ಒಂಟಿ ಇರಾಕ ಆಗೂದಿಲ್ಲ. ಜಾತ್ರ್ಯಾಗ ಅವ್ವನ ಕೈ ಬಿಟ್ಟ ಕೂಸು ಹತ್ರ ಇದ್ದವರ ಸೀರಿ ಸೆರಗು ಹಿಡೀತೈತಲ್ಲ, ಹಂಗ ಹತ್ರದ ನೀರಿನ ಕಣಕ್ಕ ಗಟ್ಟಿ ಹಿಡಕೊಳ್ತೈತಿ. ಹಿಡಕೊಂಡು ಸುಮ್ಮನೂ ಇರೂದಿಲ್ಲ. ಟ್ರ್ಯಾಕ್ಟರ್‌ನಿಂದ ಇಟ್ಟಂಗಿ ಇಳಸೂಮುಂದ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಸ್ತಾರ ನೋಡ್ರಿ, ಅದರಾಗ ಒಂದು ಫರಕ್ ಮಾಡ್ಕೊರಿ: ಪ್ರತಿಯೊಬ್ಬನ ಕೈಯಾಗ ಮೊದಲ ಎರಡು ಇಟ್ಟಂಗಿ ಅದಾವ, ಮೂರನೇದು ಬಂದ ಕೂಡಲೇ ಅವ ಬಂದದ್ದನ್ನ ಇಟ್ಕೊಂಡು ತನ್ನದೊಂದನ್ನ ಮುಂದಿನವನಿಗೆ ಕೊಡ್ತಾನ. ಈ ತುದಿಗೆ ಕೊಟ್ಟ ಇಟ್ಟಂಗಿ ಬ್ಯಾರೆ, ಆ ತುದಿಗೆ ಬಂದ ಇಟ್ಟಂಗಿ ಬ್ಯಾರೆ, ಆದ್ರ ಲೆಕ್ಕ ಬರೋಬ್ಬರಿ. ಅದಕ್ಕ ನೀರಾಗ ಪ್ರೋಟಾನು ಬ್ಯಾರೆ ಎಲ್ಲಾ ಅಯಾನುಗಳಿಗಿಂತ, ಅಂದ್ರ ವಿದ್ಯುತ್ ಹೊತ್ತ ಕಣಗಳಿಗಿಂತ, ಜೋರು ಓಡ್ತೈತಿ. 1806ರಾಗನ ಗ್ರೋಟಸ್ ಅನ್ನಾವ ಇದರ ಸುಳಿವು ಹಿಡಿದಿದ್ದ, ಆಗಿನ್ನೂ ಪ್ರೋಟಾನು ಅನ್ನೋ ಶಬ್ದಾನ ಹುಟ್ಟಿರಲಿಲ್ಲ. ಇದನ್ನ ಮೊದಲನೇ ಸಲ ಓದಿದಾಗ ನನಗ ರಾತ್ರಿ ನಿದ್ದಿ ಬರಲಿಲ್ಲ.

ಈಗ ಅರಿಷಿಣಕ್ಕ ಬರೂಣು. ಅದರ ಹಳದಿ ಬಣ್ಣದ ವಸ್ತು ಕರ್ಕ್ಯುಮಿನ್, ಅದರ ಹತ್ರಾನೂ ಕೊಡೂ ಅಂಥಾ ಪ್ರೋಟಾನು ಅದಾವ, ಆದ್ರ ಸುಮ್ಮಸುಮ್ಮನ ಬಿಡೂದಿಲ್ಲ, ಸುಣ್ಣದಂಥಾ ಗಟ್ಟಿ ಕ್ಷಾರ ಬಂದ್ರ ಮಾತ್ರ ಬಿಡ್ತೈತಿ. ಪ್ರೋಟಾನು ಹೋತು ಅಂದ್ರ ಅದು ಹಿಡಿದಿಟ್ಟ ಎಲೆಕ್ಟ್ರಾನುಗಳು ಸಡಿಲ ಆಗಿ ಇಡೀ ಕಣದ ಉದ್ದಕ್ಕ ಹರಡ್ತಾವ. ತಂಬೂರಿ ತಂತಿ ಸಡಿಲ ಮಾಡಿದ್ರ ಸ್ವರ ಕೆಳಗ ಇಳೀತೈತಲ್ಲ, ಬೆಳಕಿನಾಗೂ ಹಂಗ. ಮೊದಲ ನೀಲಿ ಬೆಳಕು ನುಂಗಿ ಹಳದಿ ಕಾಣ್ತಿದ್ದದ್ದು ಈಗ ಒಂದು ಮೆಟ್ಟಲ ಇಳಿದು ಹಸರ ಕಡಿ ಬೆಳಕು ನುಂಗ್ತೈತಿ, ನಮಗ ಕೆಂಪು ಕಾಣ್ತೈತಿ. ರಕ್ತ ಇಲ್ಲ, ಮಾಟ ಇಲ್ಲ. ಪ್ರೋಟಾನು ವಾಪಸ್ ಕೊಟ್ರ ತಂತಿ ಮತ್ತ ಬಿಗೀತೈತಿ. (ಕುಂಕುಮದ ಮಾತು ಬ್ಯಾರೆ. ಅರಿಷಿಣಕ್ಕ ಬಿಳಿಗಾರ ಹಾಕಿ ಮಾಡಿದ ಕುಂಕುಮದಾಗ ಬೋರಾನ್ ಕೂಡ್ತೈತಿ, ಆ ಕೆಂಪು ಲಿಂಬಿ ರಸಕ್ಕ ಅಂಜೂದಿಲ್ಲ.)

ಸುಣ್ಣದ ಈ ಗುಣಾನ ನಂಬಿ ಮಹಾಲಿಂಗಪುರ, ಮುಧೋಳ ಕಡೆ ಬೆಲ್ಲ ಮಾಡ್ತಾರ. ಕಬ್ಬಿನ ಹಾಲು ಒಂಚೂರು ಹುಳಿ, ಹಂಗ ಕಾಸಿದ್ರ ಆ ಪ್ರೋಟಾನುಗಳು ಸಕ್ಕರಿ ಕಣಾನ ಎರಡು ಹೋಳು ಮಾಡ್ತಾವ, ಪೆಂಟಿ ಗಟ್ಟಿ ಆಗದ ಜಿಬಿಜಿಬಿ ಆಗ್ತೈತಿ. ಅದಕ್ಕ ಸುಣ್ಣ. ಹೆಚ್ಚಾದ್ರ ಬೆಲ್ಲ ಕಪ್ಪ ಆಗ್ತೈತಿ. ಒಲಿ ಮುಂದ ನಿಂತು ಬಣ್ಣ ನೋಡಿ ಸುಣ್ಣದ ಹದ ಹೇಳೂ ಹಿರ್ಯಾರ ಕಣ್ಣೊಳಗ ಇರೂದು ಪಕ್ಕಾ ಕೆಮಿಸ್ಟ್ರಿ.

ಅವತ್ತ ಸಂಜಿಮುಂದ ನಾ ಅತ್ತಿ ಎದರಿಗೆ ಸ್ಟೀಲ್ ವಾಟಿಯೊಳಗ ಅರಿಷಿಣದ ನೀರು ಮಾಡಿ, ಎಲಿ ಅಡಿಕಿ ಚೀಲದಿಂದ ಸುಣ್ಣ ತಗೊಂಡು ತಿಳಿ ಮಾಡಿ ಹಾಕಿದೆ, ಕೆಂಪಾತು. ಆಕಿ ಮಾರಿ ಸಣ್ಣದಾತು. ಆಮ್ಯಾಲೆ ಆ ಮನಿಶಾ ಬಾಗಲಿಗೆ ಕಟ್ಟಿ ಹೋಗಿದ್ದ ಲಿಂಬಿಹಣ್ಣನ್ನ ಬಿಚ್ಚಿ, ಕೊಯ್ದು, ಆಕಿ ಕೈಯಾಗ ಕೊಟ್ಟೆ. ಮುಟ್ಟಾಕ ಅಂಜಿದ್ಲು, ಕಡಿಗೆ ಹಿಂಡಿದ್ಲು. ಹಣ್ಣಿನ ರಸಕ್ಕೂ ಸುಣ್ಣದ ತಿಳಿಗೂ ಪ್ರೋಟಾನಿನ ಲೆಕ್ಕದಾಗ ಸುಮಾರು ಸಾವಿರ ಕೋಟಿ ಪಟ್ಟು ಫರಕ್ ಐತಿ, ಹಂಗಾಗಿ ಭಾಳ ಬೇಕಾಗಲಿಲ್ಲ, ರಸ ಬಿದ್ದ ಕಡೆ ಒಂದು ಹಳದಿ ಸುಳಿ ಎದ್ದು ಇಡೀ ವಾಟಿ ತುಂಬಿತು. ಅದು ಖರೇ ರಕ್ತ ಆಗಿದ್ರ ಹಳದಿ ಆಗ್ತಿತ್ತೇನು ಅಂತ ಕೇಳಿದೆ. ಅತ್ತಿ ಮಾತಾಡಲಿಲ್ಲ. ಒಂದು ಸ್ವಲ್ಪ ಹೊತ್ತು ನೋಡಿ, ತಾನ ಬಟ್ಟಲೆ ಸುಣ್ಣ ತಗದು ಹಾಕಿದ್ಲು, ಕೆಂಪಾತು, ಮತ್ತ ಲಿಂಬಿ ಹಿಂಡಿದ್ಲು, ಹಳದಿ ಆತು. ಹಣ್ಣು ಮುಗಿದಮ್ಯಾಲೆ ಬಾಜು ಮನಿ ಗಂಗವ್ವನ್ನ ಕೂಗಿ ಕರದು, ಬರೂಮುಂದ ಎರಡು ಲಿಂಬಿಹಣ್ಣು ತಗೊಂಡ ಬಾ ಅಂದ್ಲು.