ಶಾಲೆಯ ವೈಫೈನಲ್ಲಿ ಸಿನಿಮಾ ಇಳಿಸಿಕೊಂಡರೆ ಶಾಲೆಗೆ ತಿಳಿಯುವುದು ಹೇಗೆ?

ಪ್ರಶ್ನೆ: ಶಾಲೆಯ ವೈಫೈ ಬಳಸಿ ಟಾರೆಂಟ್ ಮೂಲಕ ಸಿನಿಮಾ ಡೌನ್‌ಲೋಡ್ ಮಾಡಿದರೆ ಆಡಳಿತದವರಿಗೆ ಗೊತ್ತಾಗುತ್ತದೆಯೇ? ಬ್ರೌಸರ್ ಹಿಸ್ಟರಿ ಅಳಿಸಿದರೂ ಸಿಕ್ಕಿಬೀಳುವ ಸಾಧ್ಯತೆ ಇದೆಯೇ?

ಉತ್ತರ: ಇದೆ. ಆದರೆ ಯಾರೋ ಒಬ್ಬರು ಕೋಣೆಯಲ್ಲಿ ಕುಳಿತು ಎಲ್ಲ ವಿದ್ಯಾರ್ಥಿಗಳ ಪರದೆಗಳನ್ನು ನೋಡುತ್ತಿರುತ್ತಾರೆ ಎಂದು ಭಾವಿಸಬೇಕಾಗಿಲ್ಲ. ಅಷ್ಟು ಪುರುಸೊತ್ತು ಯಾವ ಶಾಲೆಯ ಸಿಬ್ಬಂದಿಗೂ ಇರುವುದಿಲ್ಲ. ಸಾಮಾನ್ಯವಾಗಿ ಸುಳಿವು ಸಿಗುವುದು ನೆಟ್‌ವರ್ಕ್ ತಾನಾಗಿ ಬರೆದಿಡುವ ಲಾಗ್‌ನಿಂದ, ಮತ್ತು ಎಷ್ಟೋ ಸಲ ಮೊದಲ ಸುದ್ದಿ ಬರುವುದು ಶಾಲೆಯ ಹೊರಗಿನಿಂದ.

ಟಾರೆಂಟ್ ಕೆಲಸ ಮಾಡುವ ಬಗೆಯೇ ಇದಕ್ಕೆ ಕಾರಣ. 2001ರಲ್ಲಿ ಬಂದ ಬಿಟ್‌ಟಾರೆಂಟ್ ವ್ಯವಸ್ಥೆಯಲ್ಲಿ ಕಡತವು ಒಂದೇ ಸರ್ವರ್‌ನಿಂದ ಇಳಿಯುವುದಿಲ್ಲ; ಅದನ್ನು ಪಡೆಯುತ್ತಿರುವವರೆಲ್ಲ ತಮ್ಮಲ್ಲಿರುವ ತುಣುಕುಗಳನ್ನು ಪರಸ್ಪರ ಹಂಚಿಕೊಳ್ಳುತ್ತಾರೆ. ಹಾಗೆ ಹಂಚಿಕೊಳ್ಳಬೇಕಾದರೆ ಒಬ್ಬರ ಐಪಿ ವಿಳಾಸ (ಅಂತರ್ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಇನ್ನೊಬ್ಬರಿಗೆ ಕಾಣಲೇಬೇಕು. ಹಕ್ಕುಸ್ವಾಮ್ಯ ಹೊಂದಿರುವ ಕಂಪನಿಗಳು ನೇಮಿಸಿಕೊಂಡ ಸಂಸ್ಥೆಗಳು ಇದೇ ಗುಂಪಿನೊಳಗೆ ಸಾಮಾನ್ಯ ಬಳಕೆದಾರರಂತೆ ಸೇರಿಕೊಂಡು, ಯಾವ ವಿಳಾಸ, ಯಾವ ಪೋರ್ಟ್ (ಒಂದೇ ವಿಳಾಸದ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆ), ಯಾವ ಕಡತ, ಯಾವ ಹೊತ್ತು ಎಂಬುದನ್ನು ಗುರುತು ಮಾಡಿಕೊಳ್ಳುತ್ತವೆ. ಆ ವಿಳಾಸ ಶಾಲೆಯದು ಅಥವಾ ಶಾಲೆಗೆ ಸಂಪರ್ಕ ಕೊಟ್ಟ ಕಂಪನಿಯದು ಎಂದು ತಿಳಿದಾಗ ನೋಟಿಸ್ ಹೊರಡುತ್ತದೆ. ನೀವು ಕಡತವನ್ನು ಪಡೆಯುವುದರ ಜೊತೆಗೆ ಹಂಚಿಯೂ ಇರುತ್ತೀರಿ ಎಂಬುದನ್ನು ಬಹಳಷ್ಟು ವಿದ್ಯಾರ್ಥಿಗಳು ಗಮನಿಸುವುದೇ ಇಲ್ಲ. ನೋಟಿಸಿನಲ್ಲಿ ಮುಖ್ಯವಾಗುವುದು ಸಾಮಾನ್ಯವಾಗಿ ಆ ಹಂಚಿಕೆಯೇ.

ನೋಟಿಸಿನಲ್ಲಿ ವಿದ್ಯಾರ್ಥಿಯ ಹೆಸರು ಇರುವುದಿಲ್ಲ. ಅದನ್ನು ಹುಡುಕುವುದು ನೆಟ್‌ವರ್ಕ್ ನೋಡಿಕೊಳ್ಳುವವರ ಕೆಲಸ. ಸಾಧನವೊಂದು ವೈಫೈಗೆ ಸೇರಿದ ಕೂಡಲೇ ಅದಕ್ಕೆ ಒಳಗಿನ ಐಪಿ ವಿಳಾಸವೊಂದು ಸಿಗುತ್ತದೆ, 10.20.4.117 ಎಂಬ ವಿಳಾಸವನ್ನು 9:42ಕ್ಕೆ ಇಂಥ ಮ್ಯಾಕ್ ವಿಳಾಸದ (ಸಾಧನದ ವೈಫೈ ಭಾಗವನ್ನು ಗುರುತಿಸುವ ಸಂಖ್ಯೆ) ಸಾಧನಕ್ಕೆ ಕೊಡಲಾಯಿತು ಎಂಬಂಥ ಸಾಲು ಲಾಗ್‌ನಲ್ಲಿ ಉಳಿಯುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇದ್ದರೆ ಬಳಕೆದಾರರ ಹೆಸರೂ ಅಲ್ಲಿ ದಾಖಲಾಗುತ್ತದೆ. ಫೋನ್ ತನ್ನ ಮ್ಯಾಕ್ ವಿಳಾಸವನ್ನು ಬದಲಿಸಿಕೊಂಡರೂ ಲಾಗಿನ್ ನಿಮ್ಮದೇ ಆಗಿರುವುದರಿಂದ ಪ್ರಯೋಜನವಾಗದು. ಆದರೆ ಹೊರಜಗತ್ತಿಗೆ ಇಡೀ ಶಾಲೆ ಒಂದೆರಡು ವಿಳಾಸಗಳಾಗಿ ಮಾತ್ರ ಕಾಣುವುದು ಸಾಮಾನ್ಯವಾದ್ದರಿಂದ, ಆ ಕ್ಷಣದಲ್ಲಿ ಯಾವ ಪೋರ್ಟ್ ಯಾರ ಪಾಲಿಗಿತ್ತು ಎಂಬ ಇನ್ನೊಂದು ದಾಖಲೆಯೂ ಬೇಕಾಗುತ್ತದೆ. ಇಲ್ಲಿಯೇ ಎಡವಟ್ಟಿಗೆ ಅವಕಾಶವಿದೆ: ನೋಟಿಸಿನಲ್ಲಿರುವ ಸಮಯವನ್ನು ಸ್ಥಳೀಯ ಸಮಯಕ್ಕೆ ಬದಲಿಸುವಾಗ ತಪ್ಪಾದರೆ, ಏನೂ ಮಾಡದ ವಿದ್ಯಾರ್ಥಿಯ ಹೆಸರು ಮೇಲೆ ಬರಬಹುದು.

ಹೊರಗಿನಿಂದ ದೂರು ಬಾರದಿದ್ದರೂ ಫೈರ್‌ವಾಲ್, ಅಂದರೆ ನೆಟ್‌ವರ್ಕ್‌ನ ಒಳಹೊರಗಿನ ಸಂಚಾರವನ್ನು ಗಮನಿಸಿ ತಡೆಯುವ ವ್ಯವಸ್ಥೆ, ಅನುಮಾನಪಡುತ್ತದೆ. ಒಂದು ಕಾಲದಲ್ಲಿ ಟಾರೆಂಟ್ ತಡೆಯಲು 6881ರಿಂದ 6889ರವರೆಗಿನ ಪೋರ್ಟ್‌ಗಳನ್ನು ಮುಚ್ಚುತ್ತಿದ್ದರು. ಈಗ ಅದು ಯಾವ ಪೋರ್ಟ್‌ನಲ್ಲಾದರೂ ಹರಿಯುತ್ತದೆ, ಅದರ ದತ್ತಾಂಶವನ್ನು ಎನ್‌ಕ್ರಿಪ್ಟ್ ಕೂಡ ಮಾಡಬಹುದು (ಬೇರೆಯವರು ಓದದಂತೆ ಗೂಢಲಿಪಿಗೆ ಬದಲಿಸಬಹುದು). ಆದರೂ ಒಂದೇ ಲ್ಯಾಪ್‌ಟಾಪ್ ಏಕಕಾಲಕ್ಕೆ ಹತ್ತಾರು ಅಪರಿಚಿತ ವಿಳಾಸಗಳೊಂದಿಗೆ ಮಾತಿಗಿಳಿದು, ಗಂಟೆಗಟ್ಟಲೆ ಅಪ್‌ಲೋಡ್ ಮಾಡುತ್ತಿದ್ದರೆ, ಒಳಗೇನಿದೆ ಎಂದು ಓದದೆಯೂ ಅದು ಏನೆಂದು ಊಹಿಸಬಹುದು.

ಹಿಸ್ಟರಿಯ ವಿಷಯ ಸರಳ. ಅದನ್ನು ಅಳಿಸುವುದಾಗಲಿ, ಇನ್‌ಕಾಗ್ನಿಟೊ ಬಳಸುವುದಾಗಲಿ ನಿಮ್ಮ ಸಾಧನದ ಮಟ್ಟಿಗಷ್ಟೇ ಕೆಲಸ ಮಾಡುತ್ತದೆ. ಎಚ್‌ಟಿಟಿಪಿಎಸ್ (ಪುಟಗಳನ್ನು ಎನ್‌ಕ್ರಿಪ್ಟ್ ಮಾಡಿ ಕಳುಹಿಸುವ ವ್ಯವಸ್ಥೆ) ಇರುವ ಜಾಲತಾಣದಲ್ಲಿ ನೀವು ಏನು ಓದಿದಿರಿ ಎಂಬುದು ಶಾಲೆಗೆ ಕಾಣದಿದ್ದರೂ, ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಶಾಲೆಯೇ ಕೊಟ್ಟ ಲ್ಯಾಪ್‌ಟಾಪ್ ಆದರೆ ಮಾತು ಬೇರೆ: ಅದರಲ್ಲಿ ಶಾಲೆಯ ಡಿಜಿಟಲ್ ಸರ್ಟಿಫಿಕೇಟ್ (ಶಾಲೆಯ ವ್ಯವಸ್ಥೆಯನ್ನು ನಂಬುವಂತೆ ಲ್ಯಾಪ್‌ಟಾಪ್‌ಗೆ ಹೇಳುವ ಕಡತ) ಇದ್ದರೆ ಎನ್‌ಕ್ರಿಪ್ಟ್ ಆದ ಪುಟಗಳನ್ನೂ ನಡುವೆ ತೆರೆದು ನೋಡಬಹುದು, ನಿರ್ವಹಣಾ ಸಾಫ್ಟ್‌ವೇರ್ ಇದ್ದರೆ ಪರದೆಯನ್ನೇ ನೋಡಬಹುದು. ವಿಪಿಎನ್ (ಸಂಚಾರವನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ ಇನ್ನೊಂದು ಸರ್ವರ್ ಮೂಲಕ ಕಳುಹಿಸುವ ಸೇವೆ) ನೀವು ತಲುಪುವ ತಾಣವನ್ನು ಮರೆಮಾಡುತ್ತದೆ, ಆದರೆ ವಿಪಿಎನ್ ಬಳಕೆಯನ್ನು ಮರೆಮಾಡುವುದು ಕಷ್ಟ. ಹಲವು ಶಾಲೆಗಳ ನಿಯಮಗಳಲ್ಲಿ ಅದೇ ಒಂದು ಉಲ್ಲಂಘನೆ.

ಶಿಕ್ಷಣ ಸಂಸ್ಥೆಗಳು ಇಷ್ಟು ತಲೆಕೆಡಿಸಿಕೊಳ್ಳಲು ಕಾನೂನೂ ಕಾರಣ. ಅಮೆರಿಕದಲ್ಲಿ 2003ರಲ್ಲಿ ಸಂಗೀತ ಉದ್ಯಮವು ಕ್ಯಾಂಪಸ್ ನೆಟ್‌ವರ್ಕ್‌ಗಳಲ್ಲಿ ಕಡತ ಹಂಚಿಕೆಗೆ ನೆರವಾಗುವ ವ್ಯವಸ್ಥೆ ನಡೆಸುತ್ತಿದ್ದ ನಾಲ್ವರು ಕಾಲೇಜು ವಿದ್ಯಾರ್ಥಿಗಳ ಮೇಲೆಯೇ ದಾವೆ ಹೂಡಿತ್ತು. ಫೆಡರಲ್ (ಕೇಂದ್ರ ಸರ್ಕಾರದ) ನೆರವಿನ ಯೋಜನೆಗಳಲ್ಲಿ ಭಾಗವಹಿಸುವ ಅಲ್ಲಿನ ಕಾಲೇಜುಗಳು ಅಕ್ರಮ ಹಂಚಿಕೆ ತಡೆಯಲು ಲಿಖಿತ ಯೋಜನೆ ಹೊಂದಿರಬೇಕೆಂದು 2008ರ ಉನ್ನತ ಶಿಕ್ಷಣ ಅವಕಾಶ ಕಾಯ್ದೆ ವಿಧಿಸಿತು.

ಲಾಗ್ ತೋರಿಸುವುದು ಸಾಧನವನ್ನು ಅಥವಾ ಲಾಗಿನ್ನನ್ನು. ಆ ಹೊತ್ತಿನಲ್ಲಿ ಕೀಬೋರ್ಡ್ ಮುಂದೆ ಕುಳಿತವರನ್ನಲ್ಲ. ಆದ್ದರಿಂದ ಪಾಸ್‌ವರ್ಡ್ ಗೆಳೆಯರಿಗೆ ಕೊಟ್ಟವರು ಅವರ ಡೌನ್‌ಲೋಡ್‌ಗೂ ಉತ್ತರ ಹೇಳಬೇಕಾಗಿ ಬರಬಹುದು. ನೀವು ಮಾಡದ ಕೆಲಸಕ್ಕೆ ಶಾಲೆ ಕರೆಸಿದರೆ, ನೋಟಿಸಿನ ಪ್ರತಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಪೋರ್ಟ್ ಸಂಖ್ಯೆ ಇದೆಯೇ, ಸಮಯವನ್ನು ಯಾವ ಕಾಲವಲಯದಲ್ಲಿ ಕೊಡಲಾಗಿದೆ, ಅದನ್ನು ಯಾವ ಲಾಗ್‌ನೊಂದಿಗೆ ತಾಳೆ ನೋಡಲಾಗಿದೆ ಎಂಬ ಮೂರು ವಿಷಯಗಳನ್ನು ಲಿಖಿತವಾಗಿ ವಿಚಾರಿಸಿ.